ನೀತಿ ಬರೆಯುವಾಗ ಅಂಗವಿಕಲರನ್ನು ಕರೆಯುವುದು ಬರೀ ಶಾಸ್ತ್ರಕ್ಕಾ?

ಸಮಾನತೆಯ ನೀತಿ ಮಾಡುವಾಗ ಸರ್ಕಾರ ಅಂಗವಿಕಲರನ್ನು ಕರೆದು ಕೇಳಿದರೆ ನಿಜವಾಗಿ ಏನಾದರೂ ಬದಲಾಗುತ್ತಾ, ಇಲ್ಲ ಎಲ್ಲಾ ಶಾಸ್ತ್ರಕ್ಕಾ ಅಂತ ಕೇಳಿದ್ದೀರಿ. ಎರಡೂ ಉಂಟು. ಯಾವುದಾಗುತ್ತೆ ಅನ್ನೋದು ನಮ್ಮನ್ನು ಯಾವಾಗ ಕರೆಯುತ್ತಾರೆ ಅನ್ನೋದರ ಮೇಲಿದೆ.

ನನಗೆ ಕಣ್ಣು ಕಾಣಿಸುವುದಿಲ್ಲ. ಇಂಥ ಸಭೆಗಳಲ್ಲಿ ಕೂತಿದ್ದೇನೆ. ಜಾಸ್ತಿ ಸಲ ಆಗೋದು ಹೀಗೆ: ಸಭೆಯ ಹಿಂದಿನ ಸಂಜೆ ಕರಡು ಬರುತ್ತೆ, ಅದೂ ಕಾಗದವನ್ನು ಸ್ಕ್ಯಾನ್ ಮಾಡಿದ ಪಿಡಿಎಫ್. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ನನ್ನ ಸ್ಕ್ರೀನ್ ರೀಡರ್‌ಗೆ ಅದು ಬರೀ ಚಿತ್ರ, ಒಂದಕ್ಷರವೂ ಓದುವುದಿಲ್ಲ. ಬೆಳಿಗ್ಗೆ ಹೋದರೆ "ಹದಿನಾಲ್ಕನೇ ಪುಟ ನೋಡಿ" ಅಂತಾರೆ, ಸರಿ, ನೋಡೋಣ! ಕಿವುಡರಿಗೆ ಸಂಜ್ಞಾ ಭಾಷೆಯ ದುಭಾಷಿ ಇರೋದು ಉದ್ಘಾಟನೆ ಭಾಷಣ ಮುಗಿಯುವವರೆಗೆ, ಚರ್ಚೆ ಶುರುವಾಗೋದು ಅವರು ಹೋದ ಮೇಲೆ. ಕೊನೆಗೆ ವರದಿಯಲ್ಲಿ "ಸಂಬಂಧಪಟ್ಟವರೊಂದಿಗೆ ಸಮಾಲೋಚಿಸಲಾಗಿದೆ" ಅಂತ ಒಂದು ಸಾಲು ಬೀಳುತ್ತೆ, ಅಷ್ಟೇ.

ನಿಯಮ ಇಲ್ಲ ಅಂತಲ್ಲ. 2006ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಇದೆಯಲ್ಲ, ಅದರ 4ನೇ ವಿಧಿಯಲ್ಲೇ ಬರೆದಿದೆ: ನಮಗೆ ಸಂಬಂಧಿಸಿದ ಕಾನೂನು, ನೀತಿ ಮಾಡುವಾಗ ನಮ್ಮ ಸಂಘಟನೆಗಳ ಜೊತೆ ಮಾತಾಡಬೇಕು, ಅಂಗವಿಕಲ ಮಕ್ಕಳನ್ನೂ ಬಿಡಬಾರದು. 2018ರಲ್ಲಿ ಆ ಒಡಂಬಡಿಕೆಯ ಪಾಲನೆ ನೋಡಿಕೊಳ್ಳುವ ವಿಶ್ವಸಂಸ್ಥೆಯ ಸಮಿತಿ ಇನ್ನೂ ಬಿಡಿಸಿ ಹೇಳಿತು. ಅಂಗವಿಕಲರೇ ನಡೆಸುವ ಸಂಘ ಬೇರೆ, ಅಂಗವಿಕಲರಿಗಾಗಿ ಬೇರೆಯವರು ನಡೆಸುವ ಸಂಸ್ಥೆ ಬೇರೆ, ಮೊದಲನೆಯವರ ಮಾತಿಗೆ ಆದ್ಯತೆ ಇರಬೇಕು, ಅದೂ ಶುರುವಿನಿಂದಲೇ. ಸರ್ಕಾರಗಳಿಗೆ ಎರಡನೆಯವರನ್ನು ಕರೆಯೋದೇ ಇಷ್ಟ. ಅವರು ಜಗಳ ಮಾಡುವುದಿಲ್ಲ, ಅಲ್ವಾ?

ಬ್ರಿಟನ್ ಕಥೆ ಕೇಳಿ. 2021ರಲ್ಲಿ ಅಲ್ಲಿಯ ಸರ್ಕಾರ ಅಂಗವಿಕಲರ ರಾಷ್ಟ್ರೀಯ ಕಾರ್ಯತಂತ್ರ ಅಂತ ಒಂದು ತಂದಿತು. ಅದಕ್ಕೂ ಮೊದಲು ಆನ್‌ಲೈನ್ ಸಮೀಕ್ಷೆ ನಡೆದಿತ್ತು, ಬಹುಪಾಲು ಟಿಕ್ ಹಾಕುವ ಪ್ರಶ್ನೆಗಳೇ. ಸರ್ಕಾರ ಏನು ಮಾಡಹೊರಟಿದೆ ಅಂತಲೇ ಹೇಳದಿದ್ದರೆ ಜನ ಯಾವುದಕ್ಕೆ ಅಭಿಪ್ರಾಯ ಕೊಡಬೇಕು? ಕೆಲವು ಅಂಗವಿಕಲರು ಕೋರ್ಟಿಗೆ ಹೋದರು. 2022ರ ಜನವರಿಯಲ್ಲಿ ಹೈಕೋರ್ಟ್ ಅವರ ಪರ ತೀರ್ಪು ಕೊಟ್ಟಿತು, 2023ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತಳ್ಳಿಹಾಕಿತು. ಕಾರಣ? ಅದು ಮಾಹಿತಿ ಸಂಗ್ರಹ ಮಾತ್ರ, ಸಮಾಲೋಚನೆಯೇ ಅಲ್ಲ, ಹಾಗಾಗಿ ಸಮಾಲೋಚನೆಯ ನಿಯಮಗಳೂ ಅನ್ವಯಿಸಲ್ಲ! ಕಾನೂನಿನ ಲೆಕ್ಕದಲ್ಲಿ ಸರಿಯೇ ಇರಬಹುದು, ನನಗಂತೂ ಇದು ನುಣುಚಿಕೊಳ್ಳಲು ದಾರಿ ತೋರಿಸಿದ ಹಾಗಿದೆ.

ಬದಲಾವಣೆ ಆಗಿದ್ದೂ ಇದೆ. ಮೇಲೆ ಹೇಳಿದ ಒಡಂಬಡಿಕೆಯನ್ನು ಬರೆಯುವಾಗಲೇ ಅಂಗವಿಕಲರ ಸಂಘಟನೆಗಳು ಮಾತುಕತೆಯಲ್ಲಿ ಕೂತಿದ್ದವು. ಸ್ವತಂತ್ರವಾಗಿ ಬದುಕುವ ಹಕ್ಕು ಅದರೊಳಗೆ ಬಂದಿದ್ದಕ್ಕೆ ಅವರ ಹಟವೂ ಕಾರಣ.

ನಿಮ್ಮನ್ನು ಯಾರಾದರೂ ಇಂಥ ಸಮಿತಿಗೆ ಕರೆದರೆ ಮೊದಲು ಕರಡು ಬರೆದಾಯ್ತಾ ಅಂತ ಕೇಳಿ. ಆಗಿದೆ ಅಂದರೆ ಅದರಲ್ಲಿ ಯಾವ ಭಾಗ ಇನ್ನೂ ಬದಲಾಗಬಹುದು ಅಂತ ಬರಹದಲ್ಲಿ ತಗೊಳ್ಳಿ, ದುಡ್ಡಿನ ಭಾಗ ಅದರಲ್ಲಿದೆಯಾ ಅಂತಲೂ ನೋಡಿ. ನಿಮ್ಮ ಪ್ರಯಾಣದ ಖರ್ಚು, ಜೊತೆಗೆ ಬರುವ ಸಹಾಯಕರ ಖರ್ಚು ಯಾರು ಕೊಡ್ತಾರೆ ಅನ್ನೋದನ್ನೂ ಆಗಲೇ ಕೇಳಿಬಿಡಿ, ಮುಜುಗರ ಬೇಡ. ಅಧಿಕಾರಿಗಳು ಆ ಸಭೆಗೆ ಸಂಬಳ ತಗೊಂಡೇ ಬಂದಿರ್ತಾರೆ.