ಧ್ಯಾನ ಮಾಡಿಯೂ ರೇಗಿದರೆ?

‘ದಿನಾ ಬೆಳಿಗ್ಗೆ ಅರ್ಧ ಗಂಟೆ ಉಸಿರು ಗಮನಿಸುತ್ತಾ ಕೂರುತ್ತೇನೆ. ಎದ್ದ ಸ್ವಲ್ಪ ಹೊತ್ತಿಗೆ ಮಗಳ ಮೇಲೆ ರೇಗುತ್ತೇನೆ, ಆಮೇಲೆ ಕಚೇರಿಯಲ್ಲಿ ಇನ್ಯಾರ ಮೇಲೋ. ಧ್ಯಾನದ ಹೊತ್ತು ಜಾಸ್ತಿ ಮಾಡಬೇಕಾ?’ ಎಂದು ಕೇಳಿದ್ದೀರಿ.

ಬೇಡ. ಅರ್ಧ ಗಂಟೆ ಸಾಕು. ನೀವು ನೋಡಬೇಕಾದದ್ದು ಉಳಿದ ಹೊತ್ತನ್ನು. ಎಚ್ಚರದ ಅಭ್ಯಾಸದ ಬಗ್ಗೆ ಬುದ್ಧ ಹೇಳಿದ ಸತಿಪಟ್ಠಾನ ಸುತ್ತದಲ್ಲಿ (ಸುತ್ತ ಅಂದರೆ ಉಪದೇಶ) ಉಸಿರಿನ ಭಾಗವನ್ನು ಎಲ್ಲರೂ ಓದುತ್ತಾರೆ. ನಡೆಯುವಾಗ, ಉಣ್ಣುವಾಗ, ಶೌಚಕ್ಕೆ ಹೋದಾಗ, ಮಾತಾಡುವಾಗ, ಸುಮ್ಮನಿರುವಾಗ ಎಚ್ಚರವಿರಲಿ ಅಂತಲೂ ಅಲ್ಲೇ ಇದೆ. ಅದನ್ನು ಮಾತ್ರ ಹಾರಿಸಿಬಿಡುತ್ತೇವೆ. ಶೌಚವೂ ಅಭ್ಯಾಸವೇ ಅಂದರೆ ಯಾರಿಗೆ ರುಚಿಸುತ್ತದೆ, ಅಲ್ವಾ?

ನಿಮಗೆ ಇನ್ನೂ ನೇರವಾಗಿ ಒದಗುವುದು ಬುದ್ಧ ತನ್ನ ಮಗ ರಾಹುಲನಿಗೆ ಹೇಳಿದ್ದು. ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ 61ನೇ ಸುತ್ತ ಅದು. ಕೆಲಸವಾಗಲಿ, ಮಾತಾಗಲಿ, ಯೋಚನೆಯಾಗಲಿ, ಮೂರು ಸಲ ನೋಡಿಕೋ ಅನ್ನುತ್ತಾನೆ: ಮಾಡುವ ಮೊದಲು, ಮಾಡುತ್ತಿರುವಾಗ, ಮಾಡಿದ ಮೇಲೆ. ಇದರಿಂದ ನನಗೆ ನೋವಾ, ಬೇರೆಯವರಿಗಾ, ಇಬ್ಬರಿಗೂನಾ?

ಸಿಟ್ಟಿನಲ್ಲಿ ‘ಮೊದಲು’ ಅನ್ನುವುದು ಕೈಗೆ ಸಿಗುವುದೇ ಕಷ್ಟ. ಅಷ್ಟರಲ್ಲಿ ಬಾಯಿ ಶುರುವಾಗಿರುತ್ತದೆ. ಆದರೆ ‘ಮಾಡುತ್ತಿರುವಾಗ’ ಸಿಗುತ್ತದೆ. ಮಾತು ಅರ್ಧಕ್ಕೆ ಬಂದಿದ್ದರೂ ನಿಲ್ಲಿಸಬಹುದು. ಉಳಿದರ್ಧ ನುಂಗಿಕೊಂಡು ನಿಂತರೆ ಪೆಚ್ಚಾಗಿ ಕಾಣುತ್ತದೆ, ನಿಜ. ಕಾಣಲಿ ಬಿಡಿ.

‘ಮಾಡಿದ ಮೇಲೆ’ ಏನು? ನೋಯಿಸುವ ಮಾತೋ ಕೆಲಸವೋ ಆಗಿಹೋಗಿದ್ದರೆ ಗುರುವಿನ ಹತ್ತಿರವೋ, ತಿಳಿದ ಸಂಗಾತಿಯ ಹತ್ತಿರವೋ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಬರೀ ಯೋಚನೆಯಾಗಿದ್ದರೆ ನಾಚಿಕೆಪಟ್ಟು, ಮುಂದೆ ಎಚ್ಚರವಾಗಿದ್ದರೆ ಆಯಿತು. ಈ ವ್ಯತ್ಯಾಸ ನನಗೆ ಬಹಳ ಹಿಡಿಸಿದೆ. ಮನಸ್ಸಿನಲ್ಲಿ ಸಿಟ್ಟು ಎದ್ದಿತು ಅಂತ ನಿಮ್ಮನ್ನು ನೀವೇ ಕಟಕಟೆಗೆ ಹತ್ತಿಸಬೇಡಿ. ಅದು ಬಾಯಿಂದ ಹೊರಬಿದ್ದರೆ ಮಾತ್ರ ‘ಹೊಟ್ಟೆ ಹಸಿದಿತ್ತು, ನಿದ್ದೆ ಆಗಿರಲಿಲ್ಲ’ ಅಂತ ಸಾಗಹಾಕಬೇಡಿ. ಮಗಳ ಮೇಲೆ ರೇಗಿದ್ದನ್ನು ಮಗಳ ಎದುರೇ ಒಪ್ಪಿಕೊಳ್ಳಿ. ಇದು ಸುತ್ತದಲ್ಲಿಲ್ಲ, ನಾನು ಸೇರಿಸುತ್ತಿರುವುದು.

ಇದೆಲ್ಲ ಭಿಕ್ಷುಗಳಿಗೆ, ಸಂಸಾರಸ್ಥರಿಗಲ್ಲ ಅನ್ನಿಸಬಹುದು. ಕ್ರಿ.ಪೂ. 3ನೇ ಶತಮಾನದಲ್ಲೇ ಅಶೋಕನಿಗೆ ಹಾಗನ್ನಿಸಿರಲಿಲ್ಲ. ರಾಜಸ್ಥಾನದ ಬೈರಾಟ್‌ನಲ್ಲಿ ಸಿಕ್ಕ ಶಾಸನದಲ್ಲಿ ಅವನು ಬುದ್ಧನ ಏಳು ಉಪದೇಶಗಳನ್ನು ಹೆಸರಿಸಿದ್ದಾನೆ. ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ್ದು ಅವುಗಳಲ್ಲೊಂದು; ಸುಳ್ಳಿನ ಮಾತಿನಿಂದಲೇ ಶುರುವಾಗುವ ಈ 61ನೇ ಸುತ್ತವೇ ಅದು ಅನ್ನುತ್ತಾರೆ. ಭಿಕ್ಷು, ಭಿಕ್ಷುಣಿಯರ ಜೊತೆಗೆ ಉಪಾಸಕರು, ಉಪಾಸಿಕೆಯರೂ (ಅಂದರೆ ಮನೆಯಲ್ಲಿದ್ದೇ ಬುದ್ಧನನ್ನು ಅನುಸರಿಸುವವರೂ) ಇವನ್ನು ಮತ್ತೆ ಮತ್ತೆ ಕೇಳಲಿ, ಯೋಚಿಸಲಿ ಅಂತ ಬರೆಸಿದ್ದಾನೆ.

ಸದ್ಯಕ್ಕೆ ಮಾತು ಒಂದನ್ನೇ ಹಿಡಿಯಿರಿ, ಅದೂ ಮನೆಯೊಳಗಿನ ಮಾತು. ಕಚೇರಿಯದ್ದು ಆಮೇಲೆ ನೋಡೋಣ. ಅಲ್ಲಿರುವವರು ನಿಮಗೆ ತಿರುಗಿ ಹೇಳಬಲ್ಲರು.