ಜೇನು ಎದ್ದು ಹೋಗುವುದು ಮುಟ್ಟಿನಿಂದಲ್ಲ

ಪತ್ರ: ಕಳೆದ ಸಂಚಿಕೆಯ ಜೇನು ಲೇಖನದ ಚಿತ್ರಗಳಲ್ಲೆಲ್ಲ ಗಂಡಸರೇ ಇದ್ದರು. ನಾವು ಸಿಂಹಗಡ ರಸ್ತೆಯ ಏಳು ಮಂದಿ ಕನ್ನಡದ ಹೆಂಗಸರು ಮುಳಶಿ ಕಡೆಯ ಜಾಗದಲ್ಲಿ ನಾಲ್ಕು ಪೆಟ್ಟಿಗೆ ಇಡಬೇಕೆಂದಿದ್ದೇವೆ. ಶಿರಸಿ ಕಡೆಯ ನಮ್ಮ ಅತ್ತೆ ‘ಮುಟ್ಟಾದವರು ಹತ್ತಿರ ಹೋದರೆ ಜೇನು ಎದ್ದು ಹೋಗುತ್ತದೆ’ ಅನ್ನುತ್ತಾರೆ. ಬೇರೆ ದೇಶಗಳಲ್ಲಿ ಹೆಂಗಸರು ಜೇನು ಸಾಕುವುದಿಲ್ಲವೆ?
— ಪುಣೆಯ ಓದುಗರು

ಸಂಪಾದಕರ ಉತ್ತರ: ಚಿತ್ರಗಳ ವಿಷಯದಲ್ಲಿ ನಿಮ್ಮ ದೂರು ಸರಿ.

ಅತ್ತೆಯವರ ಮಾತನ್ನು ಮೊದಲ ಶತಮಾನದ ರೋಮಿನಲ್ಲಿ ಪ್ಲಿನಿ ಎಂಬ ಲೇಖಕನೂ ಬರೆದಿಟ್ಟಿದ್ದಾನೆ. ಖಾಲಿ ಪೆಟ್ಟಿಗೆ ಕಂಡಾಗ ದೂರಲು ಯಾರಾದರೂ ಬೇಕಲ್ಲ! ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಎದ್ದು ಹೋಗುವುದಂತೂ ನಿಜ. ಕಾರಣ ಹಸಿವು, ಮೇಣದ ಪತಂಗ, ಇರುವೆ, ನೆತ್ತಿಯ ಬಿಸಿಲು, ಇಲ್ಲವೆ ನಮ್ಮದೇ ಕುತೂಹಲ: ದಿನಾ ಮುಚ್ಚಳ ತೆಗೆದು ನೋಡುವುದು. ಹಸಿವಿನಿಂದ ಹೊರಡುವ ಕುಟುಂಬ ಮುನ್ಸೂಚನೆ ಕೊಡುತ್ತದೆ. ರಾಣಿ ಮೊಟ್ಟೆ ನಿಲ್ಲಿಸುತ್ತಾಳೆ, ಮುಚ್ಚಿದ ಕೋಶಗಳ ಕೊನೆಯ ಮರಿಗಳು ಹೊರಬರುವವರೆಗೆ ಕಾದು ಎಲ್ಲವೂ ಏಳುತ್ತವೆ. ಸೂರ್ಯನಿಗೆ ಬೆನ್ನು ಹಾಕಿ ಎರಿಯನ್ನು (ಮೇಣದ ಕೋಶಗಳ ಹಲ್ಲೆಯನ್ನು) ಹಿಡಿಯಿರಿ. ಬೆಳಕು ಕೋಶದ ತಳಕ್ಕೆ ಬಿದ್ದರೆ ಬಿಳಿ ದಾರದ ತುಣುಕಿನಂತೆ ಮೊಟ್ಟೆ ನಿಂತಿರುವುದು ಕಾಣುತ್ತದೆ. ಮೊಟ್ಟೆಯೂ ಇಲ್ಲ, ಎರಿಯ ಮೇಲಂಚಿನಲ್ಲಿ ಜೇನುತುಪ್ಪವೂ ಇಲ್ಲ ಎಂದರೆ ಅಂದು ಸಂಜೆಯೇ ಉಣಿಸಬೇಕು.

ಮುಳಶಿಯ ಮಳೆಯಲ್ಲಿ ಇದು ತಪ್ಪದ ಕೆಲಸ. ಒಂದು ಕಿಲೋ ಸಕ್ಕರೆಯನ್ನು ಒಂದು ಲೀಟರ್ ಬಿಸಿನೀರಲ್ಲಿ ಕರಗಿಸಿ, ಆರಿಸಿ, ಪೆಟ್ಟಿಗೆಗೆ ಸುಮಾರು 200 ಮಿಲಿಲೀಟರ್ ಬಟ್ಟಲಲ್ಲಿಟ್ಟು, ಹುಳು ಮುಳುಗದಂತೆ ಹುಲ್ಲುಕಡ್ಡಿ ಹಾಕಿ, ಒಳಗೇ ಇಡಿ. ಬೆಲ್ಲ ಬೇಡ, ಭೇದಿ ಹಿಡಿಯುತ್ತದೆ. ನಾಲ್ಕಕ್ಕೂ ಒಂದೇ ಸಂಜೆ ಕೊಡಿ. ಒಂದಕ್ಕೆ ಕೊಟ್ಟರೆ ಉಳಿದವು ಲೂಟಿಗೆ ಬರುತ್ತವೆ. ಹೊರಗೆ ಚೆಲ್ಲಿದ ಒಂದು ಹನಿಯೂ ಸಾಕು ಜಗಳಕ್ಕೆ. ಹುಳು ಮುಸುಕದ ಎರಿಗಳನ್ನು ತೆಗೆದುಬಿಡಿ, ತಳಹಲಗೆಯ ಕಸವನ್ನು ವಾರಕ್ಕೊಮ್ಮೆ ಕೆರೆದು ಸುಡಿ. ಪತಂಗ ಮೊಟ್ಟೆಯಿಡುವುದು ಆ ಕಸದಲ್ಲಿ, ಹಲಗೆಯ ಬಿರುಕಿನಲ್ಲಿ.

ಇನ್ನು ಬೇರೆ ದೇಶಗಳ ಮಾತು. ಪೆಟ್ಟಿಗೆಯೊಳಗೆ ದುಡಿಯುವವರೆಲ್ಲ ಹೆಣ್ಣೇ ಎಂಬುದು ಮಹಿಳಾ ದಿನದ ಭಾಷಣಕ್ಕಿರಲಿ. ಜೇನು ಯಾರ ಕೈಗೆ ಬಂತು ಎಂಬುದನ್ನು ಬಹುಮಟ್ಟಿಗೆ ಗೂಡಿನ ಎತ್ತರ ಮತ್ತು ತೂಕವೇ ತೀರ್ಮಾನಿಸಿವೆ. ಕೀನ್ಯಾದಲ್ಲಿ ಟೊಳ್ಳು ದಿಮ್ಮಿಗಳನ್ನು ಮರದ ಮೇಲೆ ತೂಗುಹಾಕುತ್ತಿದ್ದರು, ಹತ್ತುವುದು ಗಂಡಸರ ಕೆಲಸ. 1970ರ ದಶಕದಲ್ಲಿ ಬಂದ ಟಾಪ್‌ಬಾರ್ ಪೆಟ್ಟಿಗೆ ಸೊಂಟದೆತ್ತರಕ್ಕೆ ಬಂತು. ಅದರಲ್ಲಿ ಜೇನು ತುಂಬಿದ ಕೋಣೆಯನ್ನು (ಪೆಟ್ಟಿಗೆಯ ಅಂತಸ್ತನ್ನು) ಎತ್ತುವ ಮಾತೇ ಇಲ್ಲ, ಎರಿ ತೂಗುವ ಒಂದೊಂದು ಪಟ್ಟಿಯನ್ನೇ ಎತ್ತಿ ನೋಡಿದರಾಯಿತು. ಹೆಂಗಸರಿಗೆ ದಾರಿ ತೆರೆದದ್ದು ಇದೇ. ಮೆಕ್ಸಿಕೋದ ಯುಕಾತಾನಿನಲ್ಲಿ ಮಾಯಾ ಜನರು ‘ಶುನಾನ್ ಕಾಬ್’ ಎಂಬ ಮುಳ್ಳಿಲ್ಲದ ಜೇನನ್ನು (ನಮ್ಮ ಮಿಸರಿ ಜೇನಿನ ದೊಡ್ಡ ಬಂಧು) ಎರಡೂ ಬಾಯಿ ಮುಚ್ಚಿದ ದಿಮ್ಮಿಯಲ್ಲಿ ಮನೆಯ ಪಕ್ಕದಲ್ಲೇ ಸಾಕುತ್ತಾರೆ. ಅಲ್ಲಿನ ಜೇನುಗಾರ್ತಿ ಲೇಡಿ ಪೆಚ್ ಕುಲಾಂತರಿ ಸೋಯಾ ವಿರುದ್ಧ ಹೋರಾಡಿ 2020ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಪಡೆದರು. ಇಂಗ್ಲೆಂಡಿನ ಈವಾ ಕ್ರೇನ್‌ಗೆ 1942ರಲ್ಲಿ, ಸಕ್ಕರೆಗೆ ಪಡಿತರವಿದ್ದ ಕಾಲದಲ್ಲಿ, ಜೇನುಪೆಟ್ಟಿಗೆಯೊಂದು ಮದುವೆ ಉಡುಗೊರೆಯಾಗಿ ಬಂತು. ಏಳೇ ವರ್ಷದಲ್ಲಿ ಅವರು ಜೇನು ಸಂಶೋಧನಾ ಸಂಸ್ಥೆಯನ್ನೇ ಕಟ್ಟಿದರು.

ತೂಕದ ಲೆಕ್ಕ ನಿಮಗೂ ಬೇಕು. ಮೆಲ್ಲಿಫೆರಾ (ಯುರೋಪಿನ ಜೇನು) ಸಾಕುವ ಲ್ಯಾಂಗ್‌ಸ್ಟ್ರಾತ್ ಎಂಬ ದೊಡ್ಡ ಪೆಟ್ಟಿಗೆಯ ಹತ್ತು ಚೌಕಟ್ಟಿನ ಕೋಣೆ ಜೇನು ತುಂಬಿದರೆ ಸುಮಾರು 35 ಕಿಲೋ. ಹೂವು ಹುಡುಕಿಕೊಂಡು ರಾತ್ರಿ ಲಾರಿಯಲ್ಲಿ ಊರೂರು ಒಯ್ಯುವ ಕೆಲಸವೂ ಅದಕ್ಕೆ ಅಂಟಿಕೊಂಡದ್ದೇ. ತುಡುವೆ ಸಾಕುವ ನ್ಯೂಟನ್ ಎಂಬ ಚಿಕ್ಕ ಪೆಟ್ಟಿಗೆಯ ಜೇನುಕೋಣೆ ತುಂಬಿದರೂ ಒಂದು ಕೊಡ ನೀರಿಗಿಂತ ಹಗುರ. ಹೆಚ್ಚು ಜೇನು ಅಂತ ಆಸೆ ತೋರಿಸಿದರೂ ಮೆಲ್ಲಿಫೆರಾ ಬೇಡ, ತುಡುವೆಯೇ ಇರಲಿ. ಸ್ಟ್ಯಾಂಡ್ ಎರಡಡಿ, ಅದರ ಕಾಲುಗಳು ನೀರಿನ ಬಟ್ಟಲಲ್ಲಿ. ಬಟ್ಟಲು ಒಣಗಿದ ರಾತ್ರಿಯೇ ಇರುವೆ ಹತ್ತುತ್ತದೆ.

ಪೆಟ್ಟಿಗೆ ತೆರೆಯುವ ದಿನ ಮಲ್ಲಿಗೆ ಮುಡಿಯುವುದು, ಘಮಘಮಿಸುವ ತಲೆಎಣ್ಣೆ, ಕಡುಬಣ್ಣದ ಉಣ್ಣೆ ಬೇಡ. ಬಾಳೆಹಣ್ಣನ್ನೂ ಆಮೇಲೆ ತಿನ್ನಿ: ಕುಟುಕುವಾಗ ಜೇನು ಬಿಡುವ ಅಪಾಯದ ವಾಸನೆಯಲ್ಲಿರುವ ರಾಸಾಯನಿಕವೇ ಬಾಳೆಹಣ್ಣಿನಲ್ಲೂ ಇದೆ. ಸೀರೆಯ ನೆರಿಗೆಯೊಳಗೆ ಸಿಕ್ಕಿಕೊಂಡ ಹುಳು ಕುಟುಕದೆ ಬಿಡುವುದಿಲ್ಲ. ಸಲ್ವಾರಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ. ಅಂಗಡಿಯ ಕೈಗವಸು ಗಂಡಸರ ಅಳತೆಯದು. ತುದಿ ಮಡಚಿಕೊಂಡು ಹುಳು ಜಜ್ಜುತ್ತದೆ, ಆಗ ಉಳಿದವು ಕೆರಳುತ್ತವೆ.

ತರಬೇತಿಗೆ ದೂರ ಹೋಗಬೇಕಿಲ್ಲ. ಖಾದಿ ಆಯೋಗದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1962ರಿಂದ ನಿಮ್ಮ ಊರಲ್ಲೇ ಇದೆ. ಮಳೆ ಮುಗಿದ ಮೇಲೆ, ಅಕ್ಟೋಬರ್ ಕಳೆದು, ಕುಟುಂಬ ತನ್ನಿ. ನೇರಳೆ ಹೂ ಬಿಡುವ ಹೊತ್ತಿಗೆ ಬಲಿಯುತ್ತದೆ. ಕತ್ತಲಾದ ಮೇಲೆ ಬಾಗಿಲಿಗೆ ತಂತಿಜಾಳಿಗೆ ಕಟ್ಟಿ ಸಾಗಿಸಿ. ಚೌಕಟ್ಟುಗಳು ಗಾಡಿ ಸಾಗುವ ದಿಕ್ಕಿಗೇ ಉದ್ದವಾಗಿರಲಿ. ಅಡ್ಡ ಇಟ್ಟರೆ ಪ್ರತಿ ಬ್ರೇಕಿಗೂ ಎರಿ ತೂಗಾಡಿ ಕಳಚಿಬಿದ್ದು, ರಾಣಿ ಅದರಡಿ ಸಿಕ್ಕಿಕೊಳ್ಳುತ್ತಾಳೆ.