ಬ್ಯಾಂಕಾಕಿಗಿ ಬರೋ ತಮ್ಮಗ: ಇಲ್ಲಿನ ಬೌದ್ಧಧರ್ಮ, ನಮ್ಮ ಕಡೀದು

ತಮ್ಮಾ,

ಚಿತ್ತಾಪುರ ತಾಲ್ಲೂಕಿನಿಂದ ಮೂವರು ಗೆಳೆಯರು ಒಂದೇ ಕಂಪನಿ ಕೆಲಸಕ್ಕ ಬ್ಯಾಂಕಾಕಿಗಿ ಬರ್ತೀವಿ ಅಂತ ಬರ್ದೀದಿ. ನಿಮ್ಮ ಮನ್ಯಾಗ ಅಜ್ಜನ ಕಾಲದಿಂದ ಬೌದ್ಧ ದೀಕ್ಷಾ ಅದ, ಒಬ್ಬವ ಲಿಂಗಾಯತರವ, ಇನ್ನೊಬ್ಬವ ಮುಸಲ್ಮಾನ. ಇಲ್ಲಿನವರ ಧರ್ಮ ನಮ್ಮ ಕಲಬುರಗಿ ಬುದ್ಧವಿಹಾರದಾಗ ನೋಡಿದ್ದೇ ಏನು, ನಿಮ್ಮ ಮೂವರ ನಂಬಿಕಿಗಿ ಎಲ್ಲಿ ಕೂಡ್ತದ ಎಲ್ಲಿ ಕೂಡಲ್ಲ, ದಿನಾ ಹ್ಯಾಂಗ ನಡಕೋಬೇಕು ಅಂತ ಕೇಳೀದಿ. ಬುಡದಿಂದಲೇ ಹೇಳ್ತೀನಿ. ಬುಡ ತಿಳೀದೆ ಬರೇ ರೀತಿ ರಿವಾಜು ಕಲಿತ್ರ ಎರಡನೇ ವಾರಕ್ಕೇ ಗೊಂದಲ ಆಗ್ತದ.

ಇಲ್ಲಿನವರದು ಥೇರವಾದ, ಪಾಳಿ ಭಾಷಾದ ತಿಪಿಟಕ ಅನ್ನೋ ಬೌದ್ಧ ಗ್ರಂಥಗಳ ಹಾದಿ. ಶ್ರೀಲಂಕಾ, ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ದಾಗೂ ಇದೇ. ಚೀನಾ, ಕೊರಿಯಾ, ಜಪಾನ್‌ದು ಮಹಾಯಾನ. ನಿಮ್ಮ ಮನೀದು ಬಾಬಾಸಾಹೇಬ ಅಂಬೇಡ್ಕರರು 1956ರ ಅಕ್ಟೋಬರ್ 14ಕ್ಕ ನಾಗಪುರದಾಗ ಕೊಟ್ಟ ನವಯಾನ, ಅಂದ್ರ ಹೊಸ ಹಾದಿ. ತ್ರಿಸರಣ (ಬುದ್ಧ, ಧಮ್ಮ, ಸಂಘಕ್ಕ ಶರಣು ಹೋಗೋದು), ಪಂಚಶೀಲ (ಕೊಲಿ, ಕಳವು, ವ್ಯಭಿಚಾರ, ಹುಸಿ, ನಶಾ ಬಿಡೋ ಐದು ಕಟ್ಟು), ಅಷ್ಟಾಂಗ ಮಾರ್ಗ (ಎಂಟು ಅಂಗದ ಹಾದಿ) ಎಲ್ಲಾರಿಗೂ ಒಂದೇ. ಫರಕು ಬೀಳೋದು ಪುನರ್ಜನ್ಮ, ಪುಣ್ಯ, ದೇವತಿಗಳ ವಿಷಯದಾಗ.

ಜಗತ್ತು ಮಾಡಿದವ ಒಬ್ಬ ಅದಾನ ಅನ್ನೋ ಮಾತು ಬೌದ್ಧರಲ್ಲಿ ಇಲ್ಲ. ಮುಸಲ್ಮಾನ ಗೆಳೆಯಗ ಎಲ್ಲಕ್ಕಿಂತ ದೊಡ್ಡ ಫರಕು ಇದೇ. ಅವನ ದೀನ್ ನಿಂತಿದ್ದು ತೌಹೀದ್ ಮ್ಯಾಲ: ಒಬ್ಬನೇ ಅಲ್ಲಾಹ್, ಕೊನಿಗೊಂದು ಕಯಾಮತ್, ಅವತ್ತು ಹಿಸಾಬು. ಇಲ್ಲಿ ಹಿಸಾಬು ಕೇಳೋರು ಯಾರೂ ಇಲ್ಲ, ಮಾಡಿದ್ದು ತಾನೇ ಹಣ್ಣಾಗ್ತದ. ಹಾಂಗಂತ ದೇವತಿಗಳೇ ಇಲ್ಲ ಅಂತ ಥೇರವಾದ ಹೇಳಲ್ಲ. ಅವರಿಗಿ ಭಾಳ ದೊಡ್ಡ ಆಯುಷ್ಯ ಅದ, ಪುಣ್ಯ ತೀರಿದ ಮ್ಯಾಲ ಅವರೂ ಕೆಳಗ ಬೀಳ್ತಾರ. ನಿಬ್ಬಾಣಕ್ಕ, ಅಂದ್ರ ನಿರ್ವಾಣಕ್ಕ, ಅವರೂ ದಾರಿ ನಡೀಲೇಬೇಕು. ಬುದ್ಧ ದೇವರಲ್ಲ, ಅವತಾರ ಅಲ್ಲ, ಪೈಗಂಬರನೂ ಅಲ್ಲ. ಹಾದಿ ಕಂಡು ಮಂದಿಗಿ ತೋರಿಸಿದವ. 'ಬುದ್ಧ ನಮ್ಮ ವಿಷ್ಣುವಿನ ಒಂಬತ್ತನೇ ಅವತಾರ' ಅಂತ ಇಲ್ಲಿನವರ ಮುಂದ ನಮ್ಮ ದೇಶದವರು ಪ್ರೀತಿಯಿಂದಲೇ ಹೇಳ್ತಾರ. ಕೇಳಿದವರು ನಕ್ಕು ಸುಮ್ಮನಾಗ್ತಾರ, ಒಪ್ಪಿದ್ರು ಅಂತ ತಿಳೀಬ್ಯಾಡ.

ಎರಡನೇ ಫರಕು ಆತ್ಮದ್ದು. ಲಿಂಗಾಯತ ಗೆಳೆಯಗ ಗುರಿ ಲಿಂಗಾಂಗ ಸಾಮರಸ್ಯ: ಅಂಗ (ಜೀವ) ಲಿಂಗದಾಗ (ಶಿವನಾಗ) ಬೆರೀಬೇಕು, ಅಂದ್ರ ಬೆರೆಯೋದೊಂದು, ಬೆರೆಸಿಕೊಳ್ಳೋದೊಂದು ಅದ. ನಮ್ಮ ಮಳಖೇಡದ ಜೈನರಿಗಿ ಪ್ರತಿ ಜೀವವೂ ಶಾಶ್ವತ, ಕರ್ಮ ಅದಕ್ಕ ಧೂಳಿನಾಂಗ ಅಂಟ್ತದ. ಬೌದ್ಧರು ಮಾತ್ರ ಬದಲಾಗದ ಆತ್ಮ ಅನ್ನೋದೇ ಇಲ್ಲ ಅಂತಾರ. ರೂಪ, ವೇದನಾ, ಸಂಜ್ಞಾ, ಸಂಸ್ಕಾರ, ವಿಜ್ಞಾನ, ಈ ಐದು ಕೂಡಿದ್ದಕ್ಕ 'ನಾನು' ಅಂತ ಹೆಸರಿಟ್ಟೀವಿ ಅಷ್ಟೇ. ಹಾಂಗಾದ್ರ ಮರುಜನ್ಮ ಯಾರಿಗಿ ಅಂತ ನೀ ಕೇಳ್ತಿ. ಅದಕ್ಕ ಹಳೇ ಉತ್ತರ ದೀಪದ್ದು: ಒಂದು ದೀಪದಿಂದ ಇನ್ನೊಂದು ಹಚ್ಚಿದ್ರ ಉರಿ ದಾಟ್ತದ, ಆದ್ರ ಇದ್ರಾಗಿಂದ ಎತ್ತಿ ಅದ್ರಾಗ ಇಟ್ಟ ವಸ್ತು ಯಾವುದೂ ಇಲ್ಲ. ಕರ್ಮ ಅಂದ್ರ ಬೌದ್ಧರಿಗಿ ಇರಾದಿ. ಗೊತ್ತಿಲ್ಲದೆ ಇರುವಿ ತುಳಿದ್ರ ಕೊಂದ ಕರ್ಮ ಆಗಲ್ಲ, ಬೇಕಂತ ತುಳಿದ್ರ ಆಗ್ತದ. ಜೈನರು ಗೊತ್ತಿಲ್ಲದೆ ತುಳಿದದ್ದನ್ನೂ ಲೆಕ್ಕಕ್ಕ ಹಿಡೀತಾರ, ಅದಕ್ಕೇ ಅವರ ಮುನಿಗಳು ನವಿಲುಗರಿ ಪಿಂಛಿಲಿಂದ ನೆಲ ಸವರಿ ಕೂಡ್ತಾರ.

ನಿನಗ ಎದಿಗಿ ನಾಟೋದು ಇನ್ನೊಂದು ಮಾತು. 'ಹಿಂದಿನ ಜನ್ಮದಾಗ ಬುನ್ ಕಡಿಮಿ ಮಾಡಿದ್ದ, ಅದಕ್ಕೇ ಬಡವ ಆಗಿ ಹುಟ್ಟ್ಯಾನ' ಅಂತ ಇಲ್ಲಿ ಭಾಳ ಮಂದಿ ಹೇಳ್ತಾರ. ಬುನ್ ಅಂದ್ರ ಪುಣ್ಯ. ನಮ್ಮ ಕೇರಿಗಿ ಈ ಮಾತು ಏನು ಮಾಡ್ಯಾದ ಅಂತ ನಿನಗ ಹೇಳ್ಬೇಕಿಲ್ಲ, ಬಾಬಾಸಾಹೇಬರು ಅದನ್ನ ಒಪ್ಪಲೇ ಇಲ್ಲ. ನೀನೂ ಒಪ್ಪಬ್ಯಾಡ. ಆದ್ರ ಜಗಳ ತೆಗೀಬ್ಯಾಡ, ಅವರ ಪಾಳಿ ಗ್ರಂಥದಿಂದಲೇ ಉತ್ತರ ಕೊಡು. ಸಂಯುತ್ತ ನಿಕಾಯ ಅನ್ನೋ ಬುದ್ಧನ ಉಪದೇಶದ ಸಂಗ್ರಹದಾಗ ಮೋಲಿಯಸೀವಕ ಅನ್ನೋ ಪರಿವ್ರಾಜಕ, ಅಂದ್ರ ತಿರುಗಾಡೋ ಸನ್ಯಾಸಿ, ಬಂದು, ಮನುಷ್ಯ ಅನುಭವಿಸೋದೆಲ್ಲಾ ಹಿಂದೆ ಮಾಡಿದ ಕರ್ಮದಿಂದಲೇ ಬರ್ತದೇನು ಅಂತ ಕೇಳ್ತಾನ. ಬುದ್ಧ ಎಂಟು ಕಾರಣ ಎಣಿಸ್ತಾನ: ಪಿತ್ತ, ಕಫ, ವಾತ, ಮೂರೂ ಕೂಡಿ ಕೆಟ್ಟದ್ದು, ಹವಾ ಬದಲಾದದ್ದು, ತನ್ನ ಮೈ ತಾನು ನೋಡಿಕೊಳ್ಳದ್ದು, ಬ್ಯಾರೆಯವರ ಪೆಟ್ಟು, ಎಂಟನೇದಾಗಿ ಕರ್ಮ. ಎಲ್ಲಾ ಕರ್ಮದ್ದೇ ಅನ್ನೋರು ಕಣ್ಣಿಗಿ ಕಾಣೋದನ್ನೇ ಮೀರಿ ಮಾತಾಡ್ತಾರ ಅಂತಾನ. ಈ ಸುತ್ತದ, ಅಂದ್ರ ಉಪದೇಶದ, ಹೆಸರು ಸೀವಕ ಸುತ್ತ, ನೆನಪಿಟ್ಟುಕೋ. ಓದಿಕೊಂಡ ಭಿಕ್ಕುಗಳ ಮುಂದ ಹೇಳಿದ್ರ ಮಾತು ಮುಂದುವರೀತದ.

ಇನ್ನ ಬೀದ್ಯಾಗ ಕಾಣೋದು. ರಾಚಪ್ರಸೋಂಗ್ ಚೌಕದಾಗ ಎರಾವಾನ್ ಅನ್ನೋ ಸ್ಥಾನ ಅದ, ಕೂತದ್ದು ನಾಲ್ಕು ಮುಖದ ಬ್ರಹ್ಮ. ಕಟ್ಟಿದ್ದು ಅದೇ 1956ರಾಗ. ನಾಗಪುರದಾಗ ಬ್ರಹ್ಮ, ವಿಷ್ಣು, ಮಹೇಶ್ವರರನ್ನ ಪೂಜಿಸಲ್ಲ ಅಂತ ಬಾಬಾಸಾಹೇಬರು 22 ಪ್ರತಿಜ್ಞಾದಾಗ ಮೊದಲನೇದು ಹೇಳಿಸಿದ ವರ್ಷವೇ ಇಲ್ಲಿ ಬೌದ್ಧರು ಬ್ರಹ್ಮಗ ಚೆಂಡುಹೂವಿನ ಹಾರ ಹಾಕೋದು ಶುರು ಆಯ್ತು. ಪ್ರತಿ ಕಟ್ಟಡದ ಮುಂದ ಕಂಬದ ಮ್ಯಾಲ ಸಣ್ಣ ಗುಡಿ ಇರ್ತದ, ಅದು ಆ ಜಾಗದ ಭೂತಾಳಿದು, ಅಂದ್ರ ಜಾಗ ಕಾಯೋ ದೇವತಾದು. ಕೆಂಪು ಶರಬತ್ತು ಇಟ್ಟಿರ್ತಾರ. ಇದನ್ನೆಲ್ಲಾ ನೋಡಿ 'ಇವರು ಬೌದ್ಧರೇ ಅಲ್ಲ' ಅನ್ನಬ್ಯಾಡ. ಅವರ ಲೆಕ್ಕದಾಗ ದೇವತಾ ಅಂದ್ರ ಬಲ ಇರೋ ನೆರೆಯವ, ಬಿಡುಗಡಿ ಕೊಡೋನಲ್ಲ. ಆಫೀಸಿನವರು ಅಲ್ಲಿ ನಿಂತಾಗ ನೀ ಒಂದು ಹೆಜ್ಜಿ ಹಿಂದ ಕೈ ಕಟ್ಟಿ ನಿಂತ್ರ ಸಾಕು. ಅಗರಬತ್ತಿ ಕೈಗಿ ಕೊಟ್ರ ನಕ್ಕು ತಲಿ ಅಲ್ಲಾಡಿಸು, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ನಿನ್ನ ಪ್ರತಿಜ್ಞಾ ನಿನ್ನ ಹತ್ರವೇ ಇರ್ತದ.

ಲಿಂಗಾಯತ ಗೆಳೆಯನ ಕೊರಳಾಗಿನ ಇಷ್ಟಲಿಂಗದ ಕರಡಗಿ ನೋಡಿ 'ಯಾವ ಗುರುವಿನ ತಾಯತ, ಎಷ್ಟಕ್ಕ ತಗೊಂಡಿ' ಅಂತ ಕೇಳ್ತಾರ. ಇಲ್ಲಿ ಗಂಡಸರು ಬುದ್ಧನ ಬಿಲ್ಲೆ ಕೊರಳಾಗ ಹಾಕ್ತಾರ, ರಕ್ಷಣಾ ಅಂತ. ಥಾ ಫ್ರಾ ಚಾನ್ ಕಡಿ ಅದರ ಸಂತಿಯೇ ಅದ. ಬುದ್ಧನ್ನ ಕೊಂಡೆ ಅನ್ನಬಾರದು ಅಂತ 'ಬಾಡಿಗಿಗಿ ತಗೊಂಡೆ' ಅಂತಾರ. ಇಷ್ಟಲಿಂಗ ಗುರು ಕೊಟ್ಟಿದ್ದು, ಅಂಗೈ ಮ್ಯಾಲ ಇಟ್ಟು ಪೂಜಿ ಮಾಡೋದು, ಇನ್ನೊಬ್ಬರಿಗಿ ಮಾರಲ್ಲ ಅಂತ ಮೂರು ಮಾತಿನಾಗ ಹೇಳ್ಲಿ. ಆಮ್ಯಾಲ ಯಾರೂ ಮುಟ್ಟಾಕ ಬರಲ್ಲ.

ಮುಂಜಾನಿ ಭಿಕ್ಷಾಕ್ಕ ಬರೋ ಭಿಕ್ಕುಗಳಿಗಿ ಊಟ ನೀಡೋದು ಇಲ್ಲಿನ ಧರ್ಮದ ಜೀವ, ಅದನ್ನ ಸರಿಯಾಗಿ ಕಲಿ. ಅವರು ಬರೋದು ಸುಮಾರು ಆರಕ್ಕ, ಏಳೂವರಿ ಆದ ಮ್ಯಾಲ ಸಿಗೋದು ಕಡಿಮಿ. ಅದೇ ಮುಂಜಾನಿ ಬೇಯಿಸಿದ ಅನ್ನ, ಪ್ಲಾಸ್ಟಿಕ್ ಚೀಲದಾಗ ಕಟ್ಟಿದ ಒಂದು ಪಲ್ಯ, ಒಂದು ಬಾಟ್ಲಿ ನೀರು ಇದ್ರ ಸಾಕು. ಹಸಿ ಅಕ್ಕಿ ಪಾತ್ರ್ಯಾಗ ಹಾಕಬಾರದು: ಬೇಯಿಸದ ಧಾನ್ಯ ಇಸಕೊಳ್ಳಬಾರದು ಅಂತ ಅವರಿಗಿ ನಿಯಮ, ಕೂಡಿಟ್ಟು ಅಡಿಗಿ ಮಾಡ್ಕೊಳ್ಳಬಾರದು ಅಂತ. ಚಪ್ಪಲಿ ಬಿಡು, ಯಾಕಂದ್ರ ಅವರು ಬರಿಗಾಲಿನ್ಯಾಗ ಇರ್ತಾರ, ನೀ ಅವರಿಗಿಂತ ಎತ್ತರ ನಿಂದರಬಾರದು. ಅನ್ನದ ಬಟ್ಟಲ ಹಣಿಗಿ ಮುಟ್ಟಿಸಿ ತಡಿ. ಅವರು ಮುಚ್ಚಳ ತೆಗೆದಾಗ ಪಾತ್ರಿಗಿ ಸೌಟು ತಾಗದಾಂಗ ಮೊದ್ಲು ಅನ್ನ ಹಾಕು, ಆಮ್ಯಾಲ ಪಲ್ಯದ ಚೀಲ, ನೀರು. ಥ್ಯಾಂಕ್ಸ್ ಹೇಳ್ತಾರ ಅಂತ ಕಾಯಬ್ಯಾಡ. ಕೊಟ್ಟವನಿಗೇ ಪುಣ್ಯ ಅಂದ ಮ್ಯಾಲ ಉಪಕಾರ ಮಾಡಿದವ ಅವರೇ. ಕೆಳಗ ಕೂತು ಕೈ ಮುಗಿ, ಪಾಳಿ ಗಾಥಾ ಹೇಳಿ ಮುಂದ ಹೋಗ್ತಾರ. ನಿಮ್ಮ ಮನಿಯವರು ಬಂದ ಮ್ಯಾಲ ಒಂದು ಜ್ವಾಕಿ: ಹೆಣ್ಣುಮಕ್ಕಳು ಭಿಕ್ಕುವನ್ನ ಮುಟ್ಟಬಾರದು, ಕೈಯಿಂದ ಕೈಗಿ ಏನೂ ಕೊಡಬಾರದು. ಪಾತ್ರ್ಯಾಗ ಹಾಕ್ಬಹುದು, ಇಲ್ಲಾ ಅವರು ಹಾಸಿದ ಬಟ್ಟಿ ಮ್ಯಾಲ ಇಡಬಹುದು. ಥೇರವಾದದ ಭಿಕ್ಕುಗಳಿಗಿ 227 ನಿಯಮ, ಮಧ್ಯಾಹ್ನ ದಾಟಿದ ಮ್ಯಾಲ ಊಟ ಇಲ್ಲ. ಸಂಜಿ ಹೊತ್ತು ಸಂತ್ಯಾಗ ಪಾತ್ರಿ ಹಿಡಿದು ರೊಕ್ಕ ಕೇಳೋನು ಭಿಕ್ಕು ಅಲ್ಲ, ವೇಷ ಹಾಕಿದವ.

ನೀಡಿದ ಮ್ಯಾಲ ಕೆಲವರು ಸಣ್ಣ ತಂಬಿಗಿಲಿಂದ ಬಟ್ಟಲಾಗ ನೀರು ಬಿಡ್ತಾರ, ಭಿಕ್ಕು ಗಾಥಾ ಮುಗಿಸೋ ತನಕ ಧಾರಿ ಕಡೀದಾಂಗ. ಆ ನೀರು ಕಡೀಕ್ಕ ಗಿಡದ ಬುಡಕ್ಕ ಸುರೀತಾರ. ತಮಗ ಬಂದ ಪುಣ್ಯ ಸತ್ತವರಿಗಿ ಹಂಚೋ ರೀತಿ ಅದು. ಮುಸಲ್ಮಾನ ಗೆಳೆಯಗ ಇದು ಲಗೂನೇ ತಿಳೀತದ: ಖಾಜಾ ಬಂದೇನವಾಜ ದರ್ಗಾದಾಗ ಫಾತಿಹಾ ಓದಿ ಸತ್ತವರಿಗಿ ಸವಾಬ್, ಅಂದ್ರ ಪುಣ್ಯ, ಮುಟ್ಟಿಸಿದಾಂಗ. ಫರಕು ಒಂದೇ, ಅಲ್ಲಿ ಮುಟ್ಟಿಸೋನು ಅಲ್ಲಾಹ್. ಇಲ್ಲಿ ನಡುವ ಯಾರೂ ಇಲ್ಲ, ಸತ್ತವರು ಕೇಳಿ ಸಂತೋಷಪಟ್ರ ಆ ಸಂತೋಷವೇ ಅವರ ಪುಣ್ಯ. ನಿಮ್ಮ 22 ಪ್ರತಿಜ್ಞಾದಾಗ ಶ್ರಾದ್ಧ, ಪಿಂಡ ಮಾಡಲ್ಲ ಅಂತದ. ಇದು ಪಿಂಡ ಅಲ್ಲ, ಆದ್ರೂ ಮನಸ್ಸು ಒಪ್ಪಲಿಲ್ಲ ಅಂದ್ರ ಸುಮ್ಮನ ಕೂಡು.

ಊಟದ ಮಾತು. ಬೌದ್ಧರು ಶಾಕಾಹಾರಿ ಅಂತ ತಿಳಿದು ಬಂದ್ರ ಲಿಂಗಾಯತ ಗೆಳೆಯ ಮೊದಲನೇ ದಿನವೇ ಮೋಸ ಹೋಗ್ತಾನ. ತನ್ನ ಸಲುವಾಗಿ ಕೊಂದದ್ದನ್ನ ಕಂಡಿರಬಾರದು, ಕೇಳಿರಬಾರದು, ಸಂಶಯವೂ ಇರಬಾರದು. ಈ ಮೂರು ಇಲ್ಲದಿದ್ರ ಭಿಕ್ಕು ಖಂಡ ತಿನ್ನಬಹುದು. ಹಂದಿ ಖಂಡ ನೀಡಿದ್ರೂ ತಿಂತಾರ. ಬರೇ 'ಖಂಡ ಬ್ಯಾಡ' ಅಂದ್ರ ಪಲ್ಯಕ್ಕ ಮೀನಿನ ಸಾರು ಬೀಳ್ತದ, ಅದು ಅವರಿಗಿ ಉಪ್ಪಿನ ಬದಲಿ. 'ಜೇ' ಅನ್ನೋ ಮಾತು ಕಲೀಲಿ, ಹಳದಿ ಪತಾಕಿ ಮ್ಯಾಲ ಕೆಂಪು ಅಕ್ಷರ ಇರೋ ಅಂಗಡಿ ಹುಡುಕಲಿ. ಅದು ಚೀನೀ ಮಹಾಯಾನದಿಂದ ಬಂದ ಕಟ್ಟು: ಖಂಡ, ಮೀನು, ತತ್ತಿ, ಹಾಲು ಇಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿನೂ ಇಲ್ಲ. ಮುಸಲ್ಮಾನ ಗೆಳೆಯ ಹಲಾಲ್ ಗುರ್ತು ನೋಡಿ ತಗೊಳ್ಳಲಿ, ಸಿಗ್ತದ.

ಯಾರರ ತೀರಿಕೊಂಡಾಗ ಆಫೀಸಿನವರೆಲ್ಲಾ ವಾಟ್‌ಗಿ, ಅಂದ್ರ ವಿಹಾರಕ್ಕ ಹೋಗ್ತಾರ, ನೀವೂ ಹೋಗಬೇಕು. ಕರಿ ಬಟ್ಟಿ, ಇಲ್ಲಾ ಬಿಳಿ. ಸಂಜಿಗಿ ನಾಲ್ಕು ಮಂದಿ ಭಿಕ್ಕುಗಳು ತಿಪಿಟಕದ ಅಭಿಧಮ್ಮ ಭಾಗದಿಂದ ಹೇಳ್ತಾರ, ಮೂರು, ಐದು ಇಲ್ಲಾ ಏಳು ರಾತ್ರಿ. ಬುದ್ಧಗ ಮೂರು ಅಗರಬತ್ತಿ, ಅಂಗೈ ನೆಲಕ್ಕ ಊರಿ ಮೂರು ಸಲ ಬಾಗೋದು. ಸತ್ತವರಿಗಿ ಒಂದೇ ಅಗರಬತ್ತಿ, ಜೋಡಿಸಿದ ಕೈಯಿಂದ ಒಂದೇ ಸಲ. ಈ ಲೆಕ್ಕ ತಪ್ಪಿದ್ರ ಹಿರಿಯರಿಗಿ ಕಸಿವಿಸಿ ಆಗ್ತದ. ಮುಸಲ್ಮಾನ ಗೆಳೆಯ ಸಜ್ದಾ (ನೆಲಕ್ಕ ಹಣಿ ಹಚ್ಚಿ ಬಾಗೋದು) ಅಲ್ಲಾಹನಿಗೇ ಅಂತ ಬಾಗದಿದ್ರೂ ನಡೀತದ; ಮನಿಯವರಿಗಿ ರೊಕ್ಕದ ಲಕೋಟಿ ಕೊಟ್ಟು ಹಿಂದಿನ ಕುರ್ಚಿ ಮ್ಯಾಲ ಕೂತ್ರ ಮರ್ಯಾದಿಯೇ ಆಯ್ತು. ನೆಲದ ಮ್ಯಾಲ ಕೂತಾಗ ಎರಡೂ ಕಾಲು ಒಂದು ಬದಿಗಿ ಮಡಚಿ ಕೂಡ್ರಿ, ಅಂಗಾಲು ಬುದ್ಧನ ಕಡಿ, ಭಿಕ್ಕುಗಳ ಕಡಿ ತಿರುಗಬಾರದು.

ಕಾಗದಪತ್ರದಾಗ ವರ್ಷ ನೋಡಿ ಗಾಬರಿ ಬೀಳಬ್ಯಾಡ. ಇಲ್ಲಿ ಬುದ್ಧನ ಪರಿನಿಬ್ಬಾಣದಿಂದ, ಅಂದ್ರ ಅವನು ತೀರಿಕೊಂಡಾಗಿನಿಂದ, ಎಣಿಸ್ತಾರ. 543 ಕಳದ್ರ ನಮ್ಮ ಇಸವಿ. 2569 ಅಂದ್ರ 2026. ಬುದ್ಧಪೂರ್ಣಿಮಾ ಒಮ್ಮೊಮ್ಮೆ ಒಂದು ತಿಂಗಳು ಮುಂದ ಹೋಗ್ತದ, ಇಲ್ಲಿನವರು ಅಧಿಕಮಾಸ ಸೇರಿಸೋ ರೀತಿ ಬ್ಯಾರಿ. 2023ರಾಗ ನಮ್ಮಲ್ಲಿ ಮೇ 5ಕ್ಕ ಬಂದದ್ದು ಇಲ್ಲಿ ಜೂನ್ 3ಕ್ಕ ಬಂತು. ಅದಕ್ಕ ರಜಾ ಹಾಕೋ ಮೊದ್ಲು ಇಲ್ಲಿನ ಕ್ಯಾಲೆಂಡರ್ ನೋಡು. ಬುದ್ಧನ ಮೂರ್ತಿ ಮ್ಯಾಲ ಹತ್ತಿ ಫೋಟೋ ತೆಗಿಸೋದು ದಂಡಸಂಹಿತಿ 206ನೇ ಕಲಮಿನ್ಯಾಗ ಬರೋ ಅಪರಾಧ, ಜೈಲೂ ಆಗಬಹುದು. ಮೂರ್ತಿ ಊರಿಗಿ ಒಯ್ಯಾಕ ಲಲಿತಕಲಾ ಇಲಾಖೆಯ ಪರವಾನಗಿ ಬೇಕು.

ಬರೋ ಮೊದ್ಲು ಸನ್ನತಿಗಿ ಹೋಗಿ ಕನಗನಹಳ್ಳಿ ಸ್ತೂಪದ 'ರಾಯ ಅಸೋಕೋ' ಅಂತ ಬ್ರಾಹ್ಮಿಯಲ್ಲಿ ಹೆಸರು ಕೆತ್ತಿದ ಅಶೋಕನ ಶಿಲ್ಪದ ಫೋಟೋ ಫೋನಿನ್ಯಾಗ ಇಟ್ಟುಕೊಂಡು ಬಾ. ಮಹಾವಂಸ ಅನ್ನೋ ಶ್ರೀಲಂಕಾದ ಹಳೇ ಪಾಳಿ ಗ್ರಂಥದಾಗ ಅಶೋಕನ ಕಾಲಕ್ಕ ಧಮ್ಮ ಹೇಳಾಕ ಕಳಿಸಿದ ಭಿಕ್ಕುಗಳ ಪಟ್ಟಿ ಅದ: ಬನವಾಸಿಗಿ ರಕ್ಖಿತ, ಸುವರ್ಣಭೂಮಿಗಿ ಸೋಣ, ಉತ್ತರ. ಆ ಸುವರ್ಣಭೂಮಿ ತಮ್ಮ ನಾಡೇ ಅಂತ ಇಲ್ಲಿನವರ ನಂಬಿಕಿ. ವಿಮಾನ ನಿಲ್ದಾಣಕ್ಕ ಇಟ್ಟ ಹೆಸರೂ ಅದೇ. ಫೋಟೋ ತೋರಿಸಿ 'ಇದು ನಮ್ಮ ತಾಲ್ಲೂಕಿಂದು' ಅಂದ್ರ ಕೈ ಮುಗೀತಾರ.

ವಾರಕ್ಕೊಂದು ವನ್ ಫ್ರಾ, ಅಂದ್ರ ಬೌದ್ಧರ ಪವಿತ್ರ ದಿನ, ಬರ್ತದ: ಅಮವಾಸಿ, ಹುಣ್ಣಿಮಿ, ಎರಡು ಅಷ್ಟಮಿ. ಅವತ್ತು ಮುಂಜಾನಿ ಮನಿ ಹತ್ರದ ವಾಟ್‌ನ್ಯಾಗ ಮಂದಿ ಪಂಚಶೀಲ ಕೇಳಿ ತಗೊಳ್ತಾರ. ಇದು ದೇವರ ಅಪ್ಪಣಿ ಅಲ್ಲ. ಕಳವು, ಕೊಲಿ, ಹುಸಿ ಬ್ಯಾಡ ಅಂತ ಬಸವಣ್ಣನವರೂ ಹೇಳ್ಯಾರ, ಮುಸಲ್ಮಾನರಿಗಿ ದಾರು ಹರಾಮ್. ಇಲ್ಲಿ ಮಾತ್ರ 'ಸಮಾದಿಯಾಮಿ', ಅಂದ್ರ ನಾನೇ ಹೊತ್ತುಕೊಳ್ತೀನಿ ಅನ್ನೋ ಅಭ್ಯಾಸದ ಕಟ್ಟು. ಮುರಿದ್ರ ಮಾಫಿ ಕೊಡೋರಿಲ್ಲ, ಮುಂದಿನ ವಾರ ಮತ್ತ ಹೊತ್ತುಕೊಳ್ತಾರ. ಭಿಕ್ಕು ಒಂದೊಂದು ಸಾಲು ಹೇಳ್ತಾನ, ಮಂದಿ ಹಿಂದಿಂದ ಹೇಳ್ತಾರ. ಉಚ್ಚಾರ ಮೂಗಿನ್ಯಾಗ ಬರ್ತದ: ನಿಮ್ಮ 'ಬುದ್ಧಂ ಸರಣಂ ಗಚ್ಛಾಮಿ' ಇಲ್ಲಿ 'ಫುತ್ಥಾಂಗ್ ಸರಣಾಂಗ್ ಖತ್ಚಾಮಿ', 'ಸಮಾದಿಯಾಮಿ' ಅನ್ನೋದು 'ಸಮಾಥಿಯಾಮಿ'. ಮೊದಲನೇ ಸಲ ಪರಭಾಷಾ ಅನಿಸ್ತದ, ಎರಡನೇ ಸಾಲಿಗಿ ಗುರ್ತು ಹತ್ತತದ. ಹಿಂದ ಕೂತು ಅಜ್ಜ ಕಲಿಸಿದ ಉಚ್ಚಾರದಾಗೇ ಹೇಳು.